ಕೇಳಿಸಿತು, ಅರ್ಥವಾಯಿತೇ?

ಆಡಿದವನ ಹೊಣೆ ಮಾತು ಮುಗಿದೊಡನೆ ತೀರುತ್ತದೆಯೇ? ಕೇಳಿದವನ ಹೊಣೆ ತಲೆಯಾಡಿಸಿದೊಡನೆ ಮುಗಿಯುತ್ತದೆಯೇ? 'ನಾನು ಹೇಳಬೇಕಾದುದನ್ನು ಹೇಳಿದ್ದೇನೆ, ತಿಳಿಯದಿದ್ದರೆ ಅದು ಅವರ ತಪ್ಪು' ಎಂದು ನಾವು ಎಷ್ಟು ಸುಲಭವಾಗಿ ಕೈತೊಳೆದುಕೊಳ್ಳುತ್ತೇವೆ! ನೆಲದ ಮೇಲೆ ಈ ಪ್ರಶ್ನೆಗಳಿಗೆ ಉತ್ತರ ಹುಡುಕದೆಯೂ ಬಾಳಬಹುದು. ಆಕಾಶದಲ್ಲಿ ಅದು ಸಾಧ್ಯವಿಲ್ಲ. ವಿಮಾನ ನಡೆಸುವ ಪೈಲಟ್‌ಗೂ ನೆಲದಲ್ಲಿ ಕುಳಿತು ಆತನಿಗೆ ದಾರಿ ಹೇಳುವ ಸಂಚಾರ ನಿಯಂತ್ರಕನಿಗೂ ನಡುವೆ ಇರುವ ಮುಖ್ಯ ಸೇತುವೆ ಮಾತು. ಆ ಸೇತುವೆ ಕುಸಿದರೆ ಏನಾಗುತ್ತದೆಂಬುದನ್ನು ಅರಿಯುವುದು ನಮಗೂ ಹಿತಕರ.

ಪ್ರಿಯ ಓದುಗರೇ, ಸಣ್ಣ ವಿಮಾನವೊಂದನ್ನು ತಾನೊಬ್ಬನೇ ಹಾರಿಸುತ್ತಿರುವ ಖಾಸಗಿ ಪೈಲಟ್‌ನನ್ನು ಕಲ್ಪಿಸಿಕೊಳ್ಳಿ. ವಿಮಾನ ನಡೆಸುವುದು, ದಾರಿ ನೋಡುವುದು, ರೇಡಿಯೋದಲ್ಲಿ ಮಾತನಾಡುವುದು ಎಲ್ಲವೂ ಅವನದೇ ಕೆಲಸ. ನಿಯಂತ್ರಕನು ಎತ್ತರ, ದಿಕ್ಕು, ರನ್‌ವೇ ಸಂಖ್ಯೆಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾನೆ. ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಅದೇ ತರಂಗಾಂತರದಲ್ಲಿ ನುರಿತ ಪೈಲಟ್‌ಗಳೂ ಕೇಳಿಸಿಕೊಳ್ಳುತ್ತಿದ್ದಾರೆ. 'ಮತ್ತೊಮ್ಮೆ ಹೇಳಿ' ಎನ್ನಲು ನಾಚಿಕೆ; 'ರಾಜರ್' ಎಂದುಬಿಡುತ್ತಾನೆ. ಈ ಪದಕ್ಕೆ 'ಹಾಗೆಯೇ ಮಾಡುವೆ' ಎಂಬ ಅರ್ಥವಿಲ್ಲ. 'ನಿಮ್ಮ ಮಾತು ನನಗೆ ತಲುಪಿತು' ಎಂದಷ್ಟೇ ಅದರ ಅರ್ಥ. ತಲುಪಿದ್ದೆಲ್ಲ ತಿಳಿದಂತಾಗುವುದಿಲ್ಲ.

ಆದುದರಿಂದಲೇ ವಿಮಾನಯಾನದಲ್ಲಿ ಹೊಣೆಯನ್ನು ಇಬ್ಬರಿಗೂ ಹಂಚಲಾಗಿದೆ. ಮುಖ್ಯ ಸೂಚನೆಗಳನ್ನು ಪೈಲಟ್ ತಿರುಗಿ ಹೇಳಬೇಕು. ನಿಯಂತ್ರಕನು ಅದನ್ನು ಗಮನವಿಟ್ಟು ಕೇಳಿ, ತಪ್ಪಿದ್ದರೆ ತಿದ್ದಬೇಕು. ಅಮೆರಿಕದಲ್ಲಿ ಹಾರಾಟ ಕಲಿಯುತ್ತಿರುವವರು ತಾವು ವಿದ್ಯಾರ್ಥಿಗಳೆಂದು ಮೊದಲೇ ತಿಳಿಸುವುದು ಒಳ್ಳೆಯದೆಂಬ ಅಧಿಕೃತ ಸಲಹೆಯಿದೆ. ಪಾಲಿಸಲಾಗದ ಸೂಚನೆಗೆ 'ಆಗದು' ಎನ್ನಲು ಪ್ರತ್ಯೇಕ ಪದವೇ ಇದೆ. ತಿಳಿಯದು, ಆಗದು ಎಂಬ ದೀನ ನುಡಿಗಳಿಗೆ ಅಲ್ಲಿ ಗೌರವದ ಸ್ಥಾನ.

ಈ ಶಿಸ್ತಿನ ಹಿಂದೆ ಕಣ್ಣೀರಿನ ಚರಿತ್ರೆಯಿದೆ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರೀಫ್ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಕೆಎಲ್ಎಂ ವಿಮಾನದಿಂದ 'ನಾವೀಗ ಟೇಕಾಫ್‌ನಲ್ಲಿದ್ದೇವೆ' ಎಂಬರ್ಥದ ಮಾತು ಬಂತು. ಹಾರಲು ಸಿದ್ಧರಾಗಿ ನಿಂತಿದ್ದಾರೆಂದು ನಿಯಂತ್ರಕನು ತಿಳಿದ; ಅವರು ಆಗಲೇ ಓಡಲಾರಂಭಿಸಿದ್ದರು. ಆತ 'ಸರಿ' ಎಂದು, ಬಳಿಕ ಕಾಯುವಂತೆ ಹೇಳಿದ. ಅದೇ ಕ್ಷಣದಲ್ಲಿ ಪ್ಯಾನ್ ಆಮ್ ವಿಮಾನವು ತಾನಿನ್ನೂ ರನ್‌ವೇಯಲ್ಲಿರುವುದಾಗಿ ತಿಳಿಸಿತು. ಎರಡು ಧ್ವನಿಗಳು ಒಂದಕ್ಕೊಂದು ತಾಗಿ ಕರ್ಕಶ ಸದ್ದಾದವು. ಕೆಎಲ್ಎಂ ವಿಮಾನದ ಎಂಜಿನಿಯರ್ ಸಂದೇಹಪಟ್ಟು, ಆ ವಿಮಾನ ದಾರಿ ಬಿಟ್ಟಿಲ್ಲವೇ ಎಂದು ಕೇಳಿದ. ಹಿರಿಯ ಕ್ಯಾಪ್ಟನ್ ಬಿಟ್ಟಿದೆಯೆಂದು ದೃಢವಾಗಿ ಉತ್ತರಿಸಿದ. ಮುಂದೆ ಯಾರೂ ಕೇಳಲಿಲ್ಲ. 583 ಮಂದಿ ಸತ್ತರು. ಅನಂತರ 'ಟೇಕಾಫ್' ಎಂಬ ಪದವನ್ನು ಅದಕ್ಕೆ ಅನುಮತಿ ಕೊಡುವಾಗ ಅಥವಾ ಹಿಂಪಡೆಯುವಾಗ ಮಾತ್ರ ಬಳಸಬೇಕೆಂಬ ನಿಯಮ ಬಂತು.

1990ರ ಜನವರಿ 25ರಂದು ನ್ಯೂಯಾರ್ಕ್ ಸಮೀಪಿಸಿದ ಕೊಲಂಬಿಯಾದ ಏವಿಯಾಂಕಾ ವಿಮಾನದ ಕಥೆ ಇದಕ್ಕೆ ವಿರುದ್ಧ ಬಗೆಯದು. ಬಹುಕಾಲ ಆಕಾಶದಲ್ಲಿ ಕಾದು ಇಂಧನ ತೀರುತ್ತಿತ್ತು. ತುರ್ತುಸ್ಥಿತಿ ಎಂದು ತಿಳಿಸಲು ಕ್ಯಾಪ್ಟನ್ ಹೇಳಿದ. ಸಹ ಪೈಲಟ್ ಇಂಧನ ಮುಗಿಯುತ್ತಿದೆಯೆಂದು ತಿಳಿಸಿದನೇ ಹೊರತು ಆ ಒಂದು ಪದವನ್ನು ಉಚ್ಚರಿಸಲಿಲ್ಲ. ಇಂಧನದ ದೃಷ್ಟಿಯಿಂದ ಈ ದಾರಿ ಸರಿಯೇ ಎಂದು ನಿಯಂತ್ರಕ ಕೇಳಿದಾಗ, ಇರಬಹುದೆಂದು ವಂದನೆ ಸಲ್ಲಿಸಿದ. ಒಬ್ಬ ನಿಯಂತ್ರಕನಿಗೆ ಹೇಳಿದ ಸಂಕಟ ಮತ್ತೊಬ್ಬನಿಗೆ ಪೂರ್ಣವಾಗಿ ತಲುಪಲೂ ಇಲ್ಲ. ವಿಮಾನದಲ್ಲಿದ್ದ 158 ಮಂದಿಯಲ್ಲಿ 73 ಮಂದಿ ಪ್ರಾಣ ಕಳೆದುಕೊಂಡರು.

ಇವೆರಡನ್ನೂ ಭಾಷೆಯ ತೊಡಕು ಎಂದು ಬದಿಗಿಡಬಹುದೇ? ಪರಭಾಷೆಯ ತೊಡಕು ಇದ್ದುದು ನಿಜ. ಆದರೆ ಅದಕ್ಕಿಂತ ಆಳದಲ್ಲಿ, ಒಂದೆಡೆ ತನಗೆಲ್ಲ ತಿಳಿದಿದೆಯೆಂಬ ನಿಶ್ಚಯ, ಇನ್ನೊಂದೆಡೆ ತನ್ನ ಸಂಕಟವನ್ನು ಬಿಚ್ಚಿಹೇಳಲಾರದ ಸಂಕೋಚ. ಗರ್ವವು ಕೇಳಲು ಬಿಡದು. ಅಂಜಿಕೆ ಹೇಳಲು ಬಿಡದು. ಇವು ನಮ್ಮೆಲ್ಲರ ಹೃದಯದ ರೋಗಗಳು.

ಲೂಕನ ಶುಭಸಂದೇಶದಲ್ಲಿ ಮಾತೆ ಮರಿಯಮ್ಮನವರನ್ನು ನೋಡಿರಿ. ದೇವದೂತನ ಮಾತು ಕೇಳಿದೊಡನೆ ಅವರು ಭಯದಿಂದ ಸುಮ್ಮನೆ ತಲೆಬಾಗಲಿಲ್ಲ. ಇದು ಹೇಗಾದೀತೆಂದು ಮೊದಲು ಕೇಳಿದರು. ವಿವರಣೆ ದೊರೆತ ಮೇಲೆ, ಆ ವಾಕ್ಯದಂತೆಯೇ ತನಗಾಗಲೆಂದು ಸಮ್ಮತಿಸಿದರು. ಪ್ರಶ್ನೆಯು ಅವಿಶ್ವಾಸವಾಗಲಿಲ್ಲ, ಸಮ್ಮತಿಗೆ ದಾರಿಯಾಯಿತು. ಸಂತ ಪೌಲರಂತೂ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಕೇಳುವವನಿಗೆ ಅರ್ಥವಾಗದ ಮಾತು ಗಾಳಿಯೊಡನೆ ಆಡಿದಂತೆ ಎಂದು ಎಚ್ಚರಿಸುತ್ತಾರೆ.

ನಮ್ಮ ಮನೆಗಳಲ್ಲಿ ಎಷ್ಟು ಮಾತುಗಳು ಹೀಗೆ ಗಾಳಿಪಾಲಾಗುತ್ತಿವೆ! ದೂರದಲ್ಲಿರುವ ಮಗ ಫೋನಿನಲ್ಲಿ ಕ್ಷೇಮ ವಿಚಾರಿಸಿದಾಗ ಮುದಿ ತಾಯಿ 'ಪರವಾಗಿಲ್ಲಪ್ಪ' ಎನ್ನುತ್ತಾಳೆ. ಅದು ಅವಳ ತುರ್ತು ಕರೆಯಾಗಿರಬಹುದು. ಪತಿಯ 'ಆಯ್ತು' ಎಂಬ ಪದ ಬರಿಯ 'ರಾಜರ್' ಆಗಿರಬಹುದು. ಪಾಠ ತಿಳಿಯದ ಮಗು ಗದರಿಕೆಗೆ ಹೆದರಿ ತಿಳಿಯಿತೆಂದಿರಬಹುದು. ಪ್ರತಿ ಮಾತನ್ನೂ ತಿರುಗಿ ಹೇಳಿಸುತ್ತ ಸಂಸಾರ ನಡೆಸಲಾಗದು, ನಿಜ. ಆದರೆ ಗಂಭೀರ ವಿಷಯಗಳಲ್ಲಿ 'ನೀನು ಹೇಳಿದ್ದು ಇದೇ ತಾನೇ?' ಎಂದು ಕೇಳುವುದು ಪ್ರೀತಿಯ ಕರ್ತವ್ಯ. ಹಾಗೆ ಕೇಳಿದವರನ್ನು ಹೀಯಾಳಿಸದಿರುವುದು ಅದಕ್ಕಿಂತ ದೊಡ್ಡ ಕರ್ತವ್ಯ. ಏಕೆಂದರೆ ಒಮ್ಮೆ ನಗೆಪಾಟಲಾದವನು ಎರಡನೆಯ ಬಾರಿ ಕೇಳಲಾರ.

ಈ ವಾರ ನಿಮ್ಮ ಮನೆಯಲ್ಲಿ ಯಾರಾದರೂ 'ಪರವಾಗಿಲ್ಲ' ಎಂದಾಗ ಒಂದು ಕ್ಷಣ ನಿಲ್ಲಿರಿ. ಇನ್ನೊಮ್ಮೆ ಕೇಳಿರಿ. ನಮ್ಮ ಮೌನದ ಮೊರೆಯನ್ನೂ ಆಲಿಸುವ ದೇವರು ಅದಕ್ಕೆ ಬೇಕಾದ ತಾಳ್ಮೆಯನ್ನು ನಮಗೆ ದಯಪಾಲಿಸಲಿ.