ಡಾಕ್ಟರ್ ಆಗದಿದ್ದರೆ?

ಬ್ರಿಟನ್ನಿನಲ್ಲೋ ಅಮೆರಿಕದಲ್ಲೋ ವೈದ್ಯಕೀಯ ಸೀಟು ಬೇಡಿ ಸಂದರ್ಶನಕ್ಕೆ ಕೂತವರನ್ನು ಕೇಳುವ ಒಂದು ಪ್ರಶ್ನೆಯಿದೆ: ಡಾಕ್ಟರ್ ಆಗದಿದ್ದರೆ ಏನಾಗುತ್ತೀಯ? ನಮ್ಮ ಮಕ್ಕಳಿಗೆ ಇದನ್ನು ಯಾರೂ ಕೇಳುವುದಿಲ್ಲ. ನೀಟ್‌ನ 720ರಲ್ಲಿ ಎಷ್ಟು ಬಂತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ಮೈಸೂರು ಜಿಲ್ಲೆಯ ಸರಗೂರಿನಂಥ ಊರಲ್ಲಿ ಇದು ಕೇಳಲೇಬೇಕಾದ ಪ್ರಶ್ನೆ ಎಂದು ನಾನು ನಂಬುತ್ತೇನೆ. ಯಾರು ಕೇಳುತ್ತಾರೆ, ಯಾವಾಗ ಕೇಳುತ್ತಾರೆ ಎಂಬುದರ ಮೇಲೆ ಅದು ಮಗುವಿಗೆ ದಾರಿಯಾಗುತ್ತದೋ ಅಡ್ಡಿಯಾಗುತ್ತದೋ ನಿಂತಿದೆ.

ನಮ್ಮಲ್ಲೂ ಸಂದರ್ಶನ ಇದ್ದ ಕಾಲವೊಂದಿತ್ತು. 1963ರಲ್ಲಿ ಆಗಿನ ಮೈಸೂರು ಸರ್ಕಾರ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ, ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆಂದು ಗೊತ್ತುಮಾಡಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ಸಮಾಜಸೇವೆ, ಚರ್ಚೆ, ನಾಟಕ ಎಲ್ಲಕ್ಕೂ ಅಂಕ. ಚಿತ್ರಲೇಖಾ ಮೊಕದ್ದಮೆಯಲ್ಲಿ ಈ ಪದ್ಧತಿಯನ್ನು ಪ್ರಶ್ನಿಸಲಾಯಿತು. 1964ರಲ್ಲಿ ಸುಪ್ರೀಂ ಕೋರ್ಟಿನ ಬಹುಮತ ಅದನ್ನು ಎತ್ತಿಹಿಡಿಯಿತು. ಆ ಪಟ್ಟಿಯನ್ನು ಕಾಡಂಚಿನ ಹಳ್ಳಿಯ ಹುಡುಗಿಯ ಕಣ್ಣಿಂದ ಓದಿ ನೋಡಬೇಕು. ಅವಳ ಶಾಲೆಯಲ್ಲಿ ನಾಟಕದ ತಂಡವೆಲ್ಲಿ, ಎನ್‌ಸಿಸಿ ಎಲ್ಲಿ? ಸಂಜೆ ಹೊತ್ತು ತಮ್ಮನನ್ನು ಎತ್ತಿಕೊಂಡು ಒಲೆ ಹಚ್ಚಿದ್ದಕ್ಕೆ ಸಮಾಜಸೇವೆಯ ಅಂಕ ಕೊಡುವವರು ಯಾರು? 1980ರಲ್ಲಿ ತೀರ್ಪಾದ ಅಜಯ್ ಹಾಸಿಯಾ ಪ್ರಕರಣದಲ್ಲಿ, ಶ್ರೀನಗರದ ಎಂಜಿನಿಯರಿಂಗ್ ಕಾಲೇಜೊಂದು ಒಟ್ಟು 150ರಲ್ಲಿ 50 ಅಂಕ ಸಂದರ್ಶನಕ್ಕಿಟ್ಟು, ಎರಡು ಮೂರು ನಿಮಿಷದಲ್ಲಿ ಒಬ್ಬೊಬ್ಬರನ್ನು ಕಳಿಸಿದ ಸಂಗತಿ ಹೊರಬಿತ್ತು. ಶೇ. 15ಕ್ಕಿಂತ ಹೆಚ್ಚು ಇಡುವುದು ಸಲ್ಲದು ಎಂದಿತು ನ್ಯಾಯಾಲಯ. ಹಾಗಾಗಿ ಸಂದರ್ಶನ ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಅದು ಹೋದದ್ದು ನಮ್ಮಂಥ ಊರುಗಳಿಗೆ ಒಳ್ಳೆಯದೇ ಆಯಿತು. ಅದರ ಜೊತೆಗೆ ಪ್ರಶ್ನೆಯೂ ಹೋಯಿತಲ್ಲ ಎಂಬುದೇ ನನ್ನ ಸಂಕಟ.

ಆ ಪ್ರಶ್ನೆಗೆ 'ಬೇರೆ ಏನೂ ಇಲ್ಲ, ಡಾಕ್ಟರೇ ಆಗಬೇಕು' ಎನ್ನುವ ಉತ್ತರವನ್ನು ನಾವು ಛಲ ಎಂದು ಮೆಚ್ಚುತ್ತೇವೆ. ನನಗೆ ಅಲ್ಲಿ ಅನುಮಾನ. ಒಂದು ಕೆಲಸದಲ್ಲಿ ತನ್ನನ್ನು ಸೆಳೆದದ್ದೇನು ಎಂದು ಬಲ್ಲವರಿಗೆ ಅದೇ ಸೆಳೆತವಿರುವ ಇನ್ನೊಂದು ಕೆಲಸವೂ ಕಾಣಬೇಕು. ಕಾಣದಿದ್ದರೆ, ಬೇಕಾಗಿರುವುದು ಕೆಲಸವೋ ಹೆಸರಿನ ಮುಂದಿನ 'ಡಾ.' ಎಂಬ ಅಕ್ಷರವೋ ಎಂದು ಕೇಳಿಕೊಳ್ಳಬೇಕಾಗುತ್ತದೆ.

ಸಿಕಲ್ ಸೆಲ್ ರಕ್ತಹೀನತೆಯನ್ನೇ ತೆಗೆದುಕೊಳ್ಳಿ. ಈ ಭಾಗದ ಬುಡಕಟ್ಟು ಹಾಡಿಗಳಲ್ಲಿ ಅದು ಇದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮಗು ಮೈಕೈ ನೋವೆಂದು ಹೊರಳಾಡುತ್ತದೆ. ತಂದೆ ತಾಯಿ ಇಬ್ಬರೂ ಆ ವಂಶವಾಹಿ ಹೊತ್ತವರಾದರೆ, ಪ್ರತಿ ಹೆರಿಗೆಯಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಇಲ್ಲಿ ಔಷಧ ಬರೆಯುವ ಡಾಕ್ಟರ್ ಬೇಕು. ಹಾಗೆಯೇ ಹಾಡಿಗೆ ನಡೆದು ಹೋಗಿ ರಕ್ತದ ಹನಿ ತೆಗೆಯುವ ಲ್ಯಾಬ್ ಟೆಕ್ನಿಷಿಯನ್ ಬೇಕು. ಮದುವೆಗೆ ಮುಂಚೆ ಎರಡೂ ಮನೆಯವರನ್ನು ಕೂರಿಸಿ, ಯಾರ ಮರ್ಯಾದೆಗೂ ಕುಂದು ಬರದಂತೆ ವಿಷಯ ಹೇಳಬಲ್ಲ ಆಶಾ ಕಾರ್ಯಕರ್ತೆ ಬೇಕು. ನೋವಿನಿಂದ ಶಾಲೆ ತಪ್ಪಿಸಿದ ಮಗುವನ್ನು ಸೋಮಾರಿ ಎನ್ನದ ಮೇಷ್ಟ್ರು ಬೇಕು. ಇವರಲ್ಲಿ ಒಬ್ಬರು ಇಲ್ಲದಿದ್ದರೂ ಡಾಕ್ಟರ ಚೀಟಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಈ ಮಗುವಿನ ನೋವು ಯಾರನ್ನು ಕಾಡುತ್ತದೋ ಅವರಿಗೆ ನಾಲ್ಕು ದಾರಿ ಕಾಣುತ್ತದೆ.

ಸರಗೂರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1984ರಲ್ಲಿ ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು, ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದರು. ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆಗಳಾದವು. ಆದರೆ ಹೊಸಹಳ್ಳಿಯಲ್ಲಿ ಬುಡಕಟ್ಟು ಮಕ್ಕಳಿಗೆ ಶಾಲೆಯೂ ಆಯಿತು. ಕಬಿನಿ ಅಣೆಕಟ್ಟಿಗೆ, ರಕ್ಷಿತಾರಣ್ಯಕ್ಕೆ ನೆಲ ಬಿಟ್ಟ ಈ ಜನರ ಕಾಯಿಲೆ ಬರೀ ಗುಳಿಗೆಗೆ ಬಗ್ಗುವಂಥದ್ದೇ? ಬಾಲಸುಬ್ರಹ್ಮಣ್ಯಂ ಮುಂದೆ ಸಾರ್ವಜನಿಕ ಆಡಳಿತ ಓದಿದರು, ನಾಯಕತ್ವ ಕಲಿಸಿದರು, ಪುಸ್ತಕ ಬರೆದರು. ಡಾಕ್ಟರ್ ಆದ ಮೇಲೂ 'ಇನ್ನೇನು?' ಎಂದು ಕೇಳಿಕೊಂಡವರ ಬದುಕು ಅದು. ಅತ್ತ ಬಿಳಿಗಿರಿರಂಗನ ಬೆಟ್ಟದಲ್ಲಿ ವೈದ್ಯ ಎಚ್. ಸುದರ್ಶನ್ ಅವರೂ ಸೋಲಿಗ ಬುಡಕಟ್ಟಿನವರ ನಡುವೆ ಚಿಕಿತ್ಸೆಯ ಜೊತೆಗೇ ಶಾಲೆ ಕಟ್ಟಿದರು.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಜೇನುಕುರುಬರ ಹಾಡಿಯಿಂದ ಬಂದ ಹುಡುಗಿ ಡಾಕ್ಟರ್ ಆಗುತ್ತೇನೆ ಎನ್ನುವುದೇ ದೊಡ್ಡ ಮಾತು. ಅವಳಿಗೆ 'ಆಗದಿದ್ದರೆ?' ಎಂದರೆ, ಅದು ನಿನ್ನಿಂದಾಗದು ಎಂದ ಹಾಗೆಯೇ ಕೇಳಿಸುತ್ತದೆ. ನಿಜ. ನರ್ಸಿಂಗ್ ಸಾಕು ಬಿಡು ಎಂದು ಮೊದಲೇ ತೀರ್ಮಾನಿಸಿದವರ ಬಾಯಲ್ಲಿ ಈ ಪ್ರಶ್ನೆ ಬರಲೇಬಾರದು. ಡಾಕ್ಟರ ಮಗನಿಗೆ ಇದೇ ಪ್ರಶ್ನೆ ಹಾಕಲು ಯಾರಿಗೆ ಧೈರ್ಯವಿಲ್ಲವೋ ಅವರಿಗೆ ಇವಳನ್ನು ಕೇಳುವ ಹಕ್ಕೂ ಇಲ್ಲ. ಹಾಗೆಂದು ಅವಳನ್ನು ಕೇಳದೇ ಬಿಡುವುದು ಗೌರವವೂ ಅಲ್ಲ. ಆಯ್ಕೆ ಎಂಬುದು ಉಳ್ಳವರ ಮಕ್ಕಳಿಗೆ ಮಾತ್ರ ಎಂದು ಒಪ್ಪಿಕೊಂಡಂತೆ.

ಈಗಲಾದರೋ ಈ ಪ್ರಶ್ನೆಗೆ ಉತ್ತರ ಬರೆಯುವ ಜಾಗ ಒಂದೇ, ಬೇಕಾದ ಕೋರ್ಸು, ಕಾಲೇಜುಗಳನ್ನು ಸಾಲಾಗಿ ನಮೂದಿಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆಪ್ಷನ್ ಎಂಟ್ರಿ. ಸೈಬರ್ ಸೆಂಟರಿನಲ್ಲಿ ಅಪ್ಪ ಮಗಳು ಒಂದೇ ಕುರ್ಚಿಯಲ್ಲಿ ಒತ್ತರಿಸಿ ಕೂತು, ರ‍್ಯಾಂಕ್ ಕಾರ್ಡು ಹಿಡಿದು, ಕಂಪ್ಯೂಟರಿನವನನ್ನೇ ಕೇಳುತ್ತಾರೆ: 'ಮೆಡಿಕಲ್ ಸಿಗ್ದೇ ಇದ್ರೆ ಏನ್ ಹಾಕಣಾ ಅಣ್ಣ?' 'ಎಲ್ಲಾನೂ ಹಾಕ್ಬುಡಿ, ಯಾವ್ದಾದ್ರೂ ಒಂದು ಸಿಕ್ತದೆ.' ದಂತವೈದ್ಯ, ಆಯುರ್ವೇದ, ಪಶುವೈದ್ಯ, ಕೃಷಿ ಎಲ್ಲವೂ ಸರತಿಯಲ್ಲಿ ನಿಲ್ಲುತ್ತವೆ. ದನಕರುಗಳ ನಡುವೆ ಬೆಳೆದ ಹುಡುಗಿಗೆ ಪಶುವೈದ್ಯವೇ ಮೊದಲ ಆಸೆಯಾಗಿರಬಹುದಿತ್ತು. ಆದರೆ ಅದು ಅವಳೆದುರು ಬರುವುದು ಸೋಲಿನ ಸಮಾಧಾನವಾಗಿ.

ಮೊದಲ ಪಿಯುಸಿಯಲ್ಲೇ, ಅಂಕವೂ ರ‍್ಯಾಂಕೂ ಬರುವ ಮುಂಚೆ, ತರಗತಿಯ ಎಲ್ಲರನ್ನೂ ಒಂದೇ ದನಿಯಲ್ಲಿ ಈ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಯಾವ ರಿಜಿಸ್ಟರಿನಲ್ಲೂ ಬರೆಯದ ಉಪನ್ಯಾಸಕರು ಬೇಕು. ಕೇಳಿದ ಮೇಲೆ ಆಸಕ್ತರನ್ನು ಒಂದು ದಿನ ಲ್ಯಾಬಿಗೆ, ಪಶು ಆಸ್ಪತ್ರೆಗೆ, ಹಾಡಿಯ ಶಾಲೆಗೆ ಕರೆದೊಯ್ಯಬೇಕು. ಅದೆಲ್ಲ ನೋಡಿ ಬಂದ ಮೇಲೂ ಆ ಹಾಡಿಯ ಹುಡುಗಿ ಡಾಕ್ಟರೇ ಆಗುತ್ತೇನೆ ಎಂದರೆ, ಅವಳ ನೀಟ್ ಕೋಚಿಂಗಿನ ಫೀಸಿಗೆ ದಾರಿ ಹುಡುಕುವುದು ನಮ್ಮೆಲ್ಲರ ಪಾಲಿನ ಕೆಲಸ.