ತೇಪೆಯೋ, ಹೊಸ ತೆಪ್ಪವೋ?

ಉಪದೇಶ ಮಾಡುವುದು ಗುರುಗಳಾದ ನಮಗೆ ಅಭ್ಯಾಸವಾಗಿಬಿಟ್ಟಿದೆ. ಆದರೆ ಕೊಟ್ಟ ಉಪದೇಶದೊಳಗೆ ನಾವೇ ಕುಳಿತು ನೀರು ದಾಟಬೇಕಾದ ಸಂದರ್ಭ ಅಪರೂಪ. ನನಗೆ ಅಂಥದ್ದೊಂದು ಒದಗಿತು.

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಹಿನ್ನೀರಿನ ಊರುಗಳನ್ನು ಕಂಡವರಿಗೆ ತೆಪ್ಪವೆಂದರೇನು ಎಂದು ಹೇಳಬೇಕಾಗಿಲ್ಲ. 1974ರಲ್ಲಿ ಬೀಚನಹಳ್ಳಿ ಬಳಿಯ ಅಣೆಕಟ್ಟು ಮುಗಿದ ಮೇಲೆ ಹೊಳೆ ಅಗಲವಾಯಿತು. ಕಣ್ಣಿಗೆ ಕಾಣುವ ಎದುರಿನ ದಡಕ್ಕೆ ರಸ್ತೆಯಲ್ಲಿ ಹೋದರೆ ಸುತ್ತುಬಳಸು, ನೀರಿನ ಮೇಲೆ ಹತ್ತಿರ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಕಡೆಯ ಓದುಗರು ಇದನ್ನೇ ಹರಿಗೋಲು ಎಂದಾರು. ಸೀಳಿದ ಬಿದಿರಿನಿಂದ ಹೆಣೆದ ದುಂಡು ಬುಟ್ಟಿ, ಅಂಚಿಗೆ ಗಟ್ಟಿ ಬಿದಿರಿನ ಬಳೆ. ಹೊರಗೆ ಹಿಂದಿನವರು ಚರ್ಮ ಹೊದಿಸುತ್ತಿದ್ದರು. ಈಗ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಟಾರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ದೊಮಿಂಗೊ ಪಾಯೆಸ್ ಆನೆಗುಂದಿಯ ಹೊಳೆಯಲ್ಲಿ ಇಂಥದ್ದನ್ನೇ ನೋಡಿ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆಂದೂ, ನೇರ ಹೋಗಲಾರದೆ ಸುತ್ತುತ್ತಲೇ ಸಾಗುತ್ತದೆಂದೂ ಬರೆದಿಟ್ಟಿದ್ದಾನೆ. ಐನೂರು ವರ್ಷಗಳಲ್ಲಿ ಹೊದಿಕೆ ಬದಲಾಗಿದೆ, ಸುತ್ತುವುದು ಬದಲಾಗಿಲ್ಲ.

ನಮಗೆ ಶುಕ್ರವಾರದ ಮೀನು ತಂದುಕೊಡುವ ಬೆಸ್ತರ ಅಣ್ಣನೊಬ್ಬ ಇದ್ದಾನೆ. ನಮ್ಮ ಧರ್ಮಕೇಂದ್ರದವನಲ್ಲ, ಆದರೂ ಕಷ್ಟಸುಖ ಹೇಳಿಕೊಳ್ಳುವಷ್ಟು ಬಳಕೆ. ಹೋದ ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಬಂದು ಜಗಲಿಯ ಮೇಲೆ ಕುಳಿತ.

"ಸ್ವಾಮಿ, ತೆಪ್ಪದ ತಳ ನೀರು ಕುಡೀತಾ ಅದೆ. ಇನ್ನೊಂದ್ಸಲ ಟಾರು ಬಳೀಲಾ, ಇಲ್ಲ ಸಾಲ ಮಾಡಿ ಫೈಬರ್‌ದು ತರ್ಲಾ?"

ಆತನ ತಂದೆ ಹೆಣೆದ ತೆಪ್ಪ ಅದು. ಸಾಲವೆಂದರೆ ಎಷ್ಟೋ ತಿಂಗಳ ಮೀನಿನ ದುಡ್ಡು ಬಡ್ಡಿಗೆ ಹೋಗುತ್ತದೆ. ನಾನು ಹೆಚ್ಚು ಯೋಚಿಸಲಿಲ್ಲ. "ಅಪ್ಪ ಮಾಡಿದ್ದನ್ನು ಯಾಕಣ್ಣ ಬಿಸಾಕ್ತೀಯ? ರಿಪೇರಿ ಮಾಡಿಸಿಕೊ" ಎಂದೆ. ಗಲಿಲೇಯ ಸರೋವರದ ದಡದಲ್ಲಿ ಯಕೋಬ, ಯೊವಾನ್ನರು ತಂದೆ ಜೆಬೆದಾಯನೊಡನೆ ಬಲೆ ಸರಿಪಡಿಸುತ್ತಾ ಕುಳಿತಿದ್ದ ಪ್ರಸಂಗವನ್ನೂ ಹೇಳಿದೆ. ಬಳಸಿ ಎಸೆಯುವ ಈ ಕಾಲದ ಬಗ್ಗೆ ಎರಡು ಮಾತು ಸೇರಿಸಿದೆ. ಅದು ಚೆನ್ನಾಗಿಯೇ ಬಂತೆಂದು ನನಗೆ ಒಳಗೊಳಗೇ ಸಂತೋಷವೂ ಆಯಿತು! ಆತ ತಲೆಯಾಡಿಸಿ ಹೋದ.

ಎರಡು ವಾರ ಕಳೆದಿರಬೇಕು. ಆಚೆ ದಡದ ಅಜ್ಜಿಯೊಬ್ಬರು ಕೊನೆಗಾಲದಲ್ಲಿದ್ದಾರೆ, ಗುರುಗಳು ಬರಬೇಕಂತೆ ಎಂದು ಸುದ್ದಿ ಬಂತು. ಸಂಜೆ ನಾಲ್ಕು ಗಂಟೆ. ರಸ್ತೆಯಲ್ಲಿ ಹೋದರೆ ಕತ್ತಲಾಗುತ್ತದೆ. ದಡದಲ್ಲಿದ್ದದ್ದು ಅದೇ ತೆಪ್ಪ, ಹೊಸ ಟಾರು ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ನನಗೆ ಈಜು ಬಾರದು.

ಅರ್ಧ ದಾರಿಯಲ್ಲಿ ಪಾದದ ಕೆಳಗೆ ತಣ್ಣಗಾಯಿತು. ತೇಪೆ ನಿಂತಿತ್ತು, ಅದರ ಸುತ್ತಲಿನ ಹಳೆಯ ಹಾಳೆ ಬಿರಿದಿತ್ತು. ಒಳಗಿನ ಎರಡು ಬಿದಿರ ಪಟ್ಟಿಗಳು ನನ್ನ ಭಾರಕ್ಕೆ ಮುರಿದು ಬಾಗಿದ್ದವು. ಆತ ಮಾತಿಲ್ಲದೆ ಹುಟ್ಟು ಹಾಕಿದ, ನಾನು ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲಿದೆ. ಎಷ್ಟು ಮೊಗೆದೆನೋ ದೇವರೇ ಬಲ್ಲ. ದಡ ಮುಟ್ಟಿದಾಗ ಆತ ಹೇಳಿದ್ದು ಇಷ್ಟು: "ನಾನೊಬ್ನೇ ಆದ್ರೆ ಈಜ್ಕೊಂಡು ಬತ್ತೀನಿ ಸ್ವಾಮಿ. ನಿಮ್ಮನ್ನ ಕೂರಿಸ್ಕೊಂಡಿದ್ನಲ್ಲ, ಎದೆ ಹೊಡ್ಕೊಂಡ್ಬಿಡ್ತು." ಅಜ್ಜಿಗೆ ಅಭ್ಯಂಗ ಕೊಡುವಾಗ ನನ್ನ ಕೈ ನಡುಗುತ್ತಿತ್ತು. ಮನೆಯವರು ಅದನ್ನು ಭಕ್ತಿ ಎಂದುಕೊಂಡರು.

ಮರುದಿನ ವಿಚಾರಿಸಿದರೆ, ಪ್ರತಿದಿನ ಬೆಳಿಗ್ಗೆ ಶುಂಠಿ ಹೊಲಕ್ಕೆ ಕೂಲಿಗೆ ಹೋಗುವ ನಾಲ್ಕೈದು ಹೆಂಗಸರು ಅದೇ ತೆಪ್ಪದಲ್ಲಿ ದಾಟುತ್ತಾರೆ. ನಾನು ಉಪದೇಶ ಮಾಡುವಾಗ ಅದನ್ನು ಕೇಳಿಯೇ ಇರಲಿಲ್ಲ.

ಗುರುಮಠದಲ್ಲಿ ತತ್ವಶಾಸ್ತ್ರ ಓದುವಾಗ ಥೀಸಿಯಸನ ಹಡಗಿನ ಬಗ್ಗೆ ನಾವು ರಾತ್ರಿಯೆಲ್ಲ ವಾದಿಸಿದ್ದುಂಟು. ಆ ವೀರನ ಹಡಗನ್ನು ಅಥೆನ್ಸಿನವರು ಜೋಪಾನ ಮಾಡಿ, ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ ಬಂದರಂತೆ. ಎಲ್ಲ ಹಲಗೆಯೂ ಬದಲಾದ ಮೇಲೆ ಅದು ಅದೇ ಹಡಗೋ, ಬೇರೆಯೋ? ಪ್ಲುಟಾರ್ಕ್ ಹೇಳಿದ ಈ ಕಥೆಗೆ 1655ರಲ್ಲಿ ಹಾಬ್ಸ್ ಇನ್ನೊಂದು ಗಂಟು ಹಾಕಿದ: ತೆಗೆದ ಹಲಗೆಗಳನ್ನೆಲ್ಲ ಕೂಡಿಟ್ಟು ಯಾರಾದರೂ ಮತ್ತೆ ಜೋಡಿಸಿದರೆ, ನಿಜವಾದ ಹಡಗು ಯಾವುದು? ಒಳ್ಳೆಯ ಪ್ರಶ್ನೆಯೇ. ಆದರೆ ಅದು ಪ್ರದರ್ಶನಕ್ಕೆ ನಿಂತ ಹಡಗಿನ ಪ್ರಶ್ನೆ. "ಅಪ್ಪನ ತೆಪ್ಪ" ಎಂದು ನಾನು ಹೇಳಿದಾಗ, ನನಗೆ ಗೊತ್ತಿಲ್ಲದೆಯೇ ಕೇಳಿದ್ದು ಇದನ್ನೇ, ಅದು ಅದೇ ಆಗಿ ಉಳಿಯುತ್ತದೆಯೇ ಎಂದು. ಆತ ಕೇಳಿದ್ದು ಅದು ತಡೆಯುತ್ತದೆಯೇ ಎಂದು.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ಹೇಳುವಾಗ, ಕಲಿಯುವ ಮನಸ್ಸನ್ನೂ ಅದರ ಒಂದು ಅಂಗವೆಂದು ಎಣಿಸಿದ್ದಾರೆ. ಬಲ್ಲವರಿಗೂ ಅದು ಬೇಕೆನ್ನುತ್ತಾರೆ. ಹಾಗಾಗಿ ತೆಪ್ಪ ಹೆಣೆಯುವ ಮುದುಕರೊಬ್ಬರ ಹತ್ತಿರ ನಾವಿಬ್ಬರೂ ಹೋದೆವು. ಅವರು ತೆಪ್ಪವನ್ನು ಬೋರಲು ಹಾಕಿಸಿ, ಎರಡು ದಿನ ಬಿಸಿಲಿಗೆ ಬಿಟ್ಟು, ಆಮೇಲೆ ಟಾರು ಕೆರೆದರು. ಹೆಬ್ಬೆರಳಿನಿಂದ ಪಟ್ಟಿಗಳನ್ನು ಒಂದೊಂದಾಗಿ ಒತ್ತಿದರು. ಕುಟ್ಟೆ ಹಿಡಿದು ಹಿಟ್ಟು ಉದುರಿತು. "ತೊಗಲು ಎಷ್ಟು ಸಲ ಬೇಕಾದ್ರೂ ಬದಲಾಯಿಸ್ಬೋದು. ಎಲುಬೇ ಹೋಗದಲ್ಲ" ಎಂದರು. ಹಸಿಯ ಮೇಲೆ ಟಾರು ಬಳಿದದ್ದಕ್ಕೆ ಆತನಿಗೆ ಬೈಗುಳವೂ ಸಿಕ್ಕಿತು. ನ್ಯಾಯವಾಗಿ ಅದರಲ್ಲಿ ನನಗೂ ಪಾಲಿತ್ತು.

ಆಗ ಮೂಲ್ಕಿಯ ಹುಡುಗನೊಬ್ಬನ ನೆನಪಾಯಿತು. ಆ ಕಡಲತೀರದಲ್ಲಿ ಹಲಗೆಯೇರಿ ಅಲೆಯ ಮೇಲೆ ಜಾರುವ ಸರ್ಫಿಂಗ್ ಆಟ ಈಚಿನ ವರ್ಷಗಳಲ್ಲಿ ಬೇರೂರಿದೆ. ಅವನ ಹಲಗೆ ಒಳಗೆ ಫೋಮು, ಹೊರಗೆ ರಾಳದಲ್ಲಿ ಅದ್ದಿದ ಗಾಜಿನ ನಾರಿನ ಬಟ್ಟೆ. ಕೂದಲೆಳೆಯಷ್ಟು ಬಿರುಕಾದರೂ ಫೋಮು ಉಪ್ಪುನೀರು ಹೀರಿ ಭಾರವಾಗುತ್ತದೆ. ಪೂರ್ತಿ ಒಣಗಿಸದೆ ಮುಚ್ಚಿದರೆ ಆ ನೀರು ಒಳಗೇ ಉಳಿದು ಕೆಡಿಸುತ್ತದೆ. ಅವನೂ ಮುರಿದ ಹಲಗೆಯನ್ನು ಅಂಟಿಸಬೇಕೋ, ಹೊಸದು ಕೊಳ್ಳಬೇಕೋ ಎಂದು ತೊಳಲುತ್ತಿದ್ದ. ನೋಡಲು ಅದೇ ಪ್ರಶ್ನೆ. ಆದರೆ ಹಲಗೆ ಕೈಕೊಟ್ಟರೆ ಬೀಳುವವನು ಅವನೇ. ಅವನ ಪ್ರಾಣವೂ ಅಗ್ಗವಲ್ಲ ನಿಜ. ಆದರೂ ತನ್ನ ಅಪಾಯವನ್ನು ತಾನೇ ತಿಳಿದು ತೂಗಿ ಒಪ್ಪಿಕೊಳ್ಳುತ್ತಾನೆ. ಶುಂಠಿ ಹೊಲದ ಹೆಂಗಸರು ಯಾವುದನ್ನು ಒಪ್ಪಿಕೊಂಡಿದ್ದರು? ಹೊಳೆಯುವ ಟಾರನ್ನು ನೋಡಿ ಹತ್ತಿ ಕುಳಿತವರು ಅವರು. ಬೇರೆಯವರ ಜೀವ ಅಡವಿಟ್ಟು ನಾವು ಮಾಡುವ ಉಳಿತಾಯವನ್ನು ಸರಳ ಜೀವನವೆಂದು ಕರೆಯಲು ನನಗೆ ಈಗ ನಾಲಿಗೆ ಬರುವುದಿಲ್ಲ.

ಹಾಗೆಂದು ಜೆಬೆದಾಯನ ಮಕ್ಕಳನ್ನು ನಾನು ಬಿಟ್ಟುಕೊಟ್ಟಿಲ್ಲ. 1986ರಲ್ಲಿ ಬರ ಬಂದು ಗಲಿಲೇಯ ಸರೋವರ ಇಳಿದಾಗ, ಗಿನೋಸಾರ್ ಬಳಿ ಕೆಸರಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ದೋಣಿಯೊಂದು ಸಿಕ್ಕಿತು. ಎಂಟು ಮೀಟರಿಗಿಂತ ತುಸು ಉದ್ದ. ಪ್ರಭು ಯೇಸು ಹತ್ತಿದ ದೋಣಿಯೆಂದು ಹೇಳಲು ಯಾವ ಆಧಾರವೂ ಇಲ್ಲ. ಆ ಕಾಲದ್ದು, ಅಷ್ಟೆ. ಹತ್ತು ಹನ್ನೆರಡು ಬಗೆಯ ಮರದ ತುಂಡುಗಳು ಅದರಲ್ಲಿವೆ, ಮತ್ತೆ ಮತ್ತೆ ರಿಪೇರಿ ಕಂಡ ಗುರುತು. ಬಡವರ ದೋಣಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಇನ್ನೊಂದು ಸಂಗತಿ: ಕೊನೆಗೆ ಆ ಜನ ಮತ್ತೆ ಬಳಸಬಹುದಾದ ಮರವನ್ನು ಕಳಚಿಕೊಂಡು, ಉಳಿದ ತಳವನ್ನು ನೀರಿಗೆ ಬಿಟ್ಟಿದ್ದರು ಎನ್ನುತ್ತಾರೆ ಪರಿಶೀಲಿಸಿದವರು. ಅಷ್ಟು ತೇಪೆ ಹಾಕಿದ ಕೈಗಳಿಗೇ ಇನ್ನು ಸಾಕೆನ್ನುವುದೂ ಗೊತ್ತಿತ್ತು.

ಇದು ಕುಟುಂಬದ ಪುಟ. ಇಷ್ಟು ಓದಿದವರು, ಇನ್ನು ಫಾದರ್ ಇದನ್ನು ದಾಂಪತ್ಯಕ್ಕೋ ವಯಸ್ಸಾದ ತಂದೆತಾಯಿಗೋ ಹೋಲಿಸುತ್ತಾರೆ ಎಂದು ಕಾದಿರಬಹುದು. ಇಲ್ಲ. ಮನುಷ್ಯರು ತೆಪ್ಪಗಳಲ್ಲ. ಸೋರುತ್ತಾರೆಂದು ಅವರನ್ನು ಬದಲಾಯಿಸುವ ಮಾತೇ ಇಲ್ಲ.

ಸಾಲದ ಒಂದು ಪಾಲನ್ನು ಬಡ್ಡಿಯಿಲ್ಲದೆ ನಾನು ಹೊತ್ತೆ. ತಪ್ಪು ಸಲಹೆಯ ದಂಡವೆಂದು ಆತನಿಗೆ ಹೇಳಿದೆ. ಆತ ನಕ್ಕು, ಶುಕ್ರವಾರದ ಮೀನಿನಲ್ಲಿ ತೀರಿಸುತ್ತಿದ್ದಾನೆ. ಫೈಬರ್ ತೆಪ್ಪ ಬಂತು. ಜೊತೆಗೆ ಐದು ಲೈಫ್ ಜಾಕೆಟ್. ಅದನ್ನು ತೊಡಲು ಹೆಂಗಸರು ಮೊದಮೊದಲು ನಾಚಿದರು. ಹುಟ್ಟು ಮಾತ್ರ ಹಳೆಯದೇ, ಅಪ್ಪನ ಕೈ ತಾಗಿ ನುಣುಪಾದದ್ದು. ಹಳೆಯ ತೆಪ್ಪ ಆತನ ಹಿತ್ತಲಲ್ಲಿ ಬೋರಲಾಗಿದೆ. ಮೊನ್ನೆ ಹೋದಾಗ ಅದರ ಕೆಳಗಿನಿಂದ ಕೋಳಿಯೊಂದು ಮರಿಗಳನ್ನು ಹೊರಡಿಸಿಕೊಂಡು ಬಂತು.