ಕಾಂಚಳಿಯ ಮೇಲಿನ ಕನ್ನಡಿ

ಲಂಬಾಣಿ ಹೆಂಗಸರ ಕುಪ್ಪಸವಾದ ಕಾಂಚಳಿಯ ಹಳೆಯ ಕನ್ನಡಿ ಬಿಲ್ಲೆಯನ್ನು ಬೆರಳ ತುದಿಯಿಂದ ಸವರಿ ನೋಡಿ. ನಡು ತುಸು ಉಬ್ಬಿರುತ್ತದೆ. ಯಾರೋ ಊದಿದ ಉಸಿರಿನ ಉಬ್ಬು ಅದು.

ಗುಜರಾತಿನ ಖೇಡಾ ಜಿಲ್ಲೆಯ ಕಪಡವಂಜ ಇಂಥ ಬಿಲ್ಲೆಗಳಿಗೆ ಹೆಸರಾದ ಊರು. ಅಲ್ಲಿ ಕರಗಿದ ಗಾಜನ್ನು ಕೊಳವೆಯ ತುದಿಗೆ ಹಿಡಿದು, ಬಾಯಿಂದ ಊದಿ ದೊಡ್ಡ ಬುರುಡೆ ಮಾಡುತ್ತಾರೆ. ಒಳಮೈಗೆ ಬೆಳ್ಳಿಬಣ್ಣದ ಲೇಪ ಹಿಡಿಸುತ್ತಾರೆ. ಆಮೇಲೆ, ಅಷ್ಟು ದಮ್ಮು ಕಟ್ಟಿ ಊದಿದ್ದನ್ನು ಒಡೆಯುತ್ತಾರೆ! ಚೂರುಗಳನ್ನು ದುಂಡಗೆ ಕತ್ತರಿಸಿದರೆ ಬಿಲ್ಲೆ. ಚಪ್ಪಟೆ ಕನ್ನಡಿ ಬಿಸಿಲನ್ನು ಒಂದೇ ಕಡೆಗೆ ಎಸೆಯುತ್ತದೆ, ಉಬ್ಬಿದ್ದು ಸುತ್ತಲೂ ಹರಡುತ್ತದೆ. ಹಾಗಾಗಿಯೇ ಕೂಡ್ಲಿಗಿಯ ಹೊಲದಲ್ಲಿ ಶೇಂಗಾ ಕೀಳುವ ಲಂಬಾಣಿ ಅಜ್ಜಿ ಎತ್ತ ತಿರುಗಿದರೂ ಯಾವುದೋ ಒಂದು ಬಿಲ್ಲೆ ನಮ್ಮ ಕಣ್ಣಿಗೆ ಮಿಂಚುತ್ತದೆ.

ಹೊಲಿಗೆಯದು ಇನ್ನೂ ದೊಡ್ಡ ಅಚ್ಚರಿ. ಬಿಲ್ಲೆಗೆ ತೂತಿಲ್ಲ. ಅದರ ಮೇಲೆ ಮೊದಲು ನಾಲ್ಕು ಎಳೆಗಳನ್ನು ಅಡ್ಡ ಉದ್ದ ಎಳೆದು ಚೌಕ ಕಟ್ಟುತ್ತಾರೆ. ಸೂಜಿ ಆ ಎಳೆಯನ್ನು ಕೊಕ್ಕೆ ಹಾಕಿ ಹಿಡಿದು, ಬಟ್ಟೆಗಿಳಿದು, ಮತ್ತೆ ಎದ್ದು ಸುತ್ತು ಬರುತ್ತದೆ. ಒಂದೊಂದು ಹೊಲಿಗೆಗೂ ಚೌಕದ ಅಂಚು ಹೊರಕ್ಕೆ ಜಗ್ಗಿ ದುಂಡಾಗುತ್ತ ಹೋಗುತ್ತದೆ. ಕೊನೆಗೆ ದಾರದ ಬಳೆಯೊಳಗೆ ಗಾಜು ಅಲುಗದೆ ಕೂರುತ್ತದೆ. ಅದನ್ನು ತೊಟ್ಟೇ ಕಳೆ ತೆಗೆಯುತ್ತಾರೆ, ನೀರು ಹೊರುತ್ತಾರೆ, ಕೂಸನ್ನು ಎದೆಗವಚಿಕೊಳ್ಳುತ್ತಾರೆ.

ಹೇರೆತ್ತುಗಳ ಮೇಲೆ ಉಪ್ಪು, ದವಸ ಸಾಗಿಸುತ್ತ ದೇಶ ಸುತ್ತಿದ ಜನ ಈ ಲಂಬಾಣಿಗರು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಸೀಮೆಯ ತಾಂಡಾಗಳಲ್ಲಿ ನೆಲೆನಿಂತರೂ ಕನ್ನಡಿಯನ್ನು ಬಿಡಲಿಲ್ಲ. ಪಕ್ಕದ ಸಂಡೂರಿನ ಕುಶಲ ಕಲಾ ಕೇಂದ್ರ ಈ ಕಸೂತಿಗೆ ಮಾರುಕಟ್ಟೆ ತೋರಿಸಿತು. 2023ರ ಜುಲೈನಲ್ಲಿ ಹಂಪಿಯ ಜಿ-20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರ ಕೈಕೆಲಸದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಹೆಮ್ಮೆಯ ಸಂಗತಿ.

ಈಗ ಯಂತ್ರ ಕತ್ತರಿಸಿದ ಚಪ್ಪಟೆ ಬಿಲ್ಲೆಗಳೂ ಬಂದಿವೆ. ಅಳತೆ ಒಂದೇ ಸಮ, ಹೊಲಿಯುವವರಿಗೆ ಸಲೀಸು. ಅವರನ್ನು ದೂರುವಂತಿಲ್ಲ. ಆದರೂ ಉಬ್ಬಿದ ಬಿಲ್ಲೆಯ ಆ ಹರಡುವ ಬೆಳಕು ಉಳಿಯಲಿ ಎಂದು ನನ್ನ ಜೀವ ಬಯಸುತ್ತದೆ.

ಒಬ್ಬ ಊದಿದ್ದನ್ನು ಇನ್ನೊಬ್ಬಳು ಎದೆಯ ಮೇಲೆ ಧರಿಸುತ್ತಾಳೆ, ಇಬ್ಬರಿಗೂ ಪರಸ್ಪರ ಮುಖಪರಿಚಯವಿಲ್ಲ. ಕಪಡವಂಜದ ಆ ಕಸುಬುದಾರನನ್ನೂ ಹಡಗಲಿ ತಾಂಡಾದ ಈ ಯಾಡಿಯನ್ನೂ (ತಾಯಿಯನ್ನೂ) ಒಂದೇ ಚಾಪೆಯ ಮೇಲೆ ಕೂರಿಸಬೇಕು. ಲಂಬಾಣಿಗರ ಗೋರ್ ಬೋಲಿಗೂ ಗುಜರಾತಿಗೂ ನಂಟಿದೆ, ಮಾತು ಅಷ್ಟಿಷ್ಟು ದಾಟೀತು. ಗಾಜು ಎಷ್ಟು ತೆಳುವಿರಬೇಕು, ದಾರ ಎಷ್ಟು ಬಿಗಿಯಬೇಕು, ಕೂಲಿ ಎಷ್ಟು ಗಿಟ್ಟುತ್ತದೆ ಎಂದೇ ಅವರು ಮಾತಾಡಿಯಾರು. ಪಕ್ಕದಲ್ಲಿ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುವ ಆಸೆ ನನಗೆ.